ಫ್ಲಾಂಜ್ ಲೆಕ್ಕದ ಎಕ್ಸೆಲ್ ಶೀಟ್: ಹಬ್ ಅಳತೆ ಮಾತ್ರ ನೀವೇ ಕೊಡಿ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಷನ್ ಶಾಪ್. ಪ್ರೆಷರ್ ವೆಸೆಲ್ ಮಾಡುತ್ತೇವೆ. ದೊಡ್ಡ ಡಿಸೈನ್ ಸಾಫ್ಟ್‌ವೇರ್ ನಮ್ಮ ಕೈಗೆಟುಕಲಿಲ್ಲ, ಹಾಗಾಗಿ ಕೆಲವು ವರ್ಷಗಳ ಹಿಂದೆ ಫ್ಲಾಂಜ್ ಲೆಕ್ಕದ ಈ ಎಕ್ಸೆಲ್ ಶೀಟ್ ಕೊಂಡೆವು. ಫ್ಲಾಂಜ್ ಅಂದರೆ ಎರಡು ಭಾಗಗಳನ್ನು ಬೋಲ್ಟ್ ಹಾಕಿ ಜೋಡಿಸುವ ದಪ್ಪ ಉಂಗುರ; ಅದನ್ನು ವೆಸೆಲ್ ಗೋಡೆಗೆ (ಶೆಲ್‌ಗೆ) ಸೇರಿಸುವ ಇಳಿಜಾರು ಕುತ್ತಿಗೆಯೇ ಹಬ್. ಸ್ವಲ್ಪ ದೂರೂ ಇದೆ, ಅದಕ್ಕೇ ಮಾರಿದವರ ಹೆಸರು ಹಾಕುತ್ತಿಲ್ಲ.

ಲೆಕ್ಕದಲ್ಲಿ ತಪ್ಪು ಹುಡುಕುವಂತಿಲ್ಲ. ಅಮೆರಿಕದ ಪ್ರೆಷರ್ ವೆಸೆಲ್ ಕೋಡ್ ಆದ ಎಎಸ್‌ಎಂಇ ಸೆಕ್ಷನ್ 8, ಡಿವಿಷನ್ 1ರ ಅಪೆಂಡಿಕ್ಸ್ 2 (ಫ್ಲಾಂಜ್ ಲೆಕ್ಕದ ಭಾಗ) ಹೇಳುವುದನ್ನೇ ಮಾಡುತ್ತದೆ. ಚಾರ್ಟ್ ಮೇಲೆ ಸ್ಕೇಲ್ ಇಟ್ಟು ಎಫ್, ವಿ ಅನ್ನುವ ಹಬ್ ಫ್ಯಾಕ್ಟರ್ ಓದುವ ಕಾಟ ತಪ್ಪಿತು. ನನಗೆ ಜಾಸ್ತಿ ಹಿಡಿಸಿದ್ದು ಕರೋಷನ್ ಅಲೋಯನ್ಸ್ (ತುಕ್ಕಿಗೆ ಸವೆಯಲಿ ಅಂತ ಬಿಡುವ ದಪ್ಪ) ವಿಷಯ. ಒಳವ್ಯಾಸ 800, ಹಬ್‌ನ ಸಣ್ಣ ತುದಿ 10, ದಪ್ಪ ತುದಿ 20 ಮಿ.ಮೀ. ಅಂದುಕೊಳ್ಳಿ. 3 ಮಿ.ಮೀ. ಸವೆದರೆ ಅದು 806, 7, 17 ಆಗುತ್ತದೆ. ಎರಡು ದಪ್ಪಗಳ ಅನುಪಾತ 2 ಇದ್ದದ್ದು 2.43ಕ್ಕೆ ಏರುತ್ತದೆ, ಫ್ಯಾಕ್ಟರ್‌ಗಳೆಲ್ಲ ಬದಲಾಗುತ್ತವೆ. ಸುಮ್ನೆ ಹೊಸ ಅಳತೆಯಲ್ಲೇ ಪಾಸ್ ಮಾಡಿಬಿಡುವ ಶೀಟ್‌ಗಳನ್ನೂ ನೋಡಿದ್ದೇನೆ. ಇದು ಹಾಗಲ್ಲ, ಸವೆದ ಅಳತೆಯನ್ನೇ ತೆಗೆದುಕೊಳ್ಳುತ್ತದೆ.

ತಕರಾರು ಇರುವುದು ಹಬ್ ಅಳತೆಯನ್ನು ತಾನೇ ಹುಡುಕಿಕೊಡುವ ಬಟನ್ ಬಗ್ಗೆ. ಮೇಲಿನದೇ ಫ್ಲಾಂಜ್‌ನಲ್ಲಿ ಬೋಲ್ಟ್ ಸರ್ಕಲ್ (ಬೋಲ್ಟ್ ಸೆಂಟರ್‌ಗಳು ಕೂರುವ ವೃತ್ತದ ವ್ಯಾಸ) 920 ಮಿ.ಮೀ., ಬೋಲ್ಟ್ 1 ಇಂಚು. ಹಬ್ ಸ್ಟ್ರೆಸ್ ಜಾಸ್ತಿ ಬಂತು ಅಂತ ಬಟನ್ ಒತ್ತಿದರೆ ದಪ್ಪ ತುದಿಯನ್ನು 28 ಮಾಡಿತು. ಎಲ್ಲ ಹಸಿರು, ಅಂದರೆ ಪಾಸ್! ನಮ್ಮ ಫಿಟ್ಟರ್ ಡ್ರಾಯಿಂಗ್ ನೋಡಿದವರೇ, "ಸಾರ್, ಇಲ್ಲಿ ಸ್ಪ್ಯಾನರ್ ಎಲ್ಲಿ ಕೂರುತ್ತೆ?" ಅಂದರು. ಅವರು ಕೇಳಿದ್ದು ಸರಿ. ಬೋಲ್ಟ್ ಸೆಂಟರ್‌ನಿಂದ ಹಬ್‌ಗೆ 40 ಮಿ.ಮೀ. ಇದ್ದದ್ದು 32ಕ್ಕೆ ಇಳಿದಿತ್ತು. ಟೆಮಾ (ಹೀಟ್ ಎಕ್ಸ್‌ಚೇಂಜರ್ ತಯಾರಕರ ಸಂಘ) ಟೇಬಲ್ ಪ್ರಕಾರ ಸ್ಪ್ಯಾನರ್ ಹಿಡಿಸಲು ಆ ಬೋಲ್ಟ್‌ಗೆ ಸುಮಾರು 35 ಬೇಕು. ಹಬ್ ಬುಡದ ಮೂಲೆಯನ್ನು ದುಂಡಾಗಿಸುವ ಫಿಲೆಟ್ ರೇಡಿಯಸ್ ಬೇರೆ ಇದೆ, ದಪ್ಪದ ಕಾಲು ಭಾಗ ಅಂದರೂ 7 ಮಿ.ಮೀ. ಜಾಗ ಮಾಡೋಣ ಅಂತ ಬೋಲ್ಟ್ ಸರ್ಕಲ್ ಅನ್ನು 926ಕ್ಕೆ ಸರಿಸಿದರೆ ಗ್ಯಾಸ್ಕೆಟ್‌ನಿಂದ ಬೋಲ್ಟ್‌ಗೆ ಇರುವ ದೂರ 3 ಮಿ.ಮೀ. ಬೆಳೆಯುತ್ತದೆ, ಫ್ಲಾಂಜ್ ಬಾಗಿಸುವ ಮೊಮೆಂಟ್ ಏರುತ್ತದೆ, ಸ್ಟ್ರೆಸ್ ಮತ್ತೆ ಲೆಕ್ಕ ಹಾಕಬೇಕು. ಶೀಟ್‌ಗೆ ಇದು ಯಾವುದೂ ಗೊತ್ತಿಲ್ಲ, ಬೋಲ್ಟ್ ಸರ್ಕಲ್ ಅನ್ನು ಅದು ಮುಟ್ಟುವುದೇ ಇಲ್ಲ.

ಹಾಗಾಗಿ ಈಗ ನಾನು ಆ ಬಟನ್ ಮುಟ್ಟುವುದಿಲ್ಲ. ಸಣ್ಣ ತುದಿ ಶೆಲ್ ದಪ್ಪದಷ್ಟೇ. ದಪ್ಪ ತುದಿ ಅದರ ಎರಡರಷ್ಟರ ಆಸುಪಾಸು. ಇಳಿಜಾರು 1ಕ್ಕೆ 3, ಅಂದರೆ ಇಲ್ಲಿ ಹಬ್ ಉದ್ದ 30. ಪಾಸ್ ಆಗದಿದ್ದರೆ ಮೊದಲು ಫ್ಲಾಂಜ್ ದಪ್ಪ ಏರಿಸುತ್ತೇನೆ, ಆಮೇಲೆ ಹಬ್ ಉದ್ದ. ಉದ್ದ ಸುಮ್ನೆ ಏರಿಸಿದರೆ ಪೀಣ್ಯದಿಂದ ಬರುವ ಫೋರ್ಜಿಂಗ್ ಎತ್ತರವಾಗುತ್ತದೆ, ದುಡ್ಡು ಕೊಟ್ಟ ಸ್ಟೀಲ್ ಲೇತ್ ಕೆಳಗೆ ಚಿಪ್ಸ್ ಆಗಿ ಬೀಳುತ್ತದೆ.

ಇನ್ನೊಂದು. ದೊಡ್ಡ ವ್ಯಾಸ, ಕಡಿಮೆ ಪ್ರೆಷರ್ ಇದ್ದರೆ ಸ್ಟ್ರೆಸ್ ಪಾಸ್ ಆದರೂ ರಿಜಿಡಿಟಿ ಇಂಡೆಕ್ಸ್ (ಫ್ಲಾಂಜ್ ಎಷ್ಟು ಬಾಗುತ್ತದೆ ಅನ್ನುವ ಅಳತೆ) ಮಿತಿಯಾದ 1 ದಾಟಬಹುದು, ಆಗ ಗ್ಯಾಸ್ಕೆಟ್ ಸೋರುವ ಭಯ. ಶೀಟ್ ಅದನ್ನು ತೋರಿಸುತ್ತದೆ, ಆದರೆ ಎರಡನೇ ಪುಟದ ಕೊನೆಯಲ್ಲಿ, ಬಣ್ಣವೂ ಇಲ್ಲದೆ. ಇದನ್ನು ಮೊದಲ ಪುಟಕ್ಕೆ ತನ್ನಿ ಅಂತ ಮೇಲ್ ಹಾಕಿದ್ದೆವು. ಉತ್ತರ ಬಂತು, ಬದಲಾವಣೆ ಬರಲಿಲ್ಲ. 5ಕ್ಕೆ ಮೂರೂವರೆ ಕೊಡುತ್ತೇನೆ. ಮುಂದಿನ ವರ್ಷವೂ ರಿನ್ಯೂ ಮಾಡುತ್ತೇವೆ.