ಆರು ತಿಂಗಳ ಕಾಟಕ್ಕೆ 750 ರೂಪಾಯಿಯ ಡಾಂಗಲ್

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ, ವಿಮೆ ಏಜೆಂಟ್. ತುಮಕೂರಿನಿಂದ ಗುಬ್ಬಿ, ಕೊರಟಗೆರೆ, ಸಿರಾ ಅಂತ ವಾರವಿಡೀ ಸುತ್ತುತ್ತೇನೆ. ಕಾರು 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬೆಂಗಳೂರಿನವರೊಬ್ಬರಿಂದ ಸೆಕೆಂಡ್‌ಹ್ಯಾಂಡ್‌ನಲ್ಲಿ ತಗೊಂಡಿದ್ದು, ನಂಬರ್ ಪ್ಲೇಟ್ ಇನ್ನೂ ಕೆಎ 04. ಈ ಬೆಂಗಳೂರು ನಂಬರ್ ಯಾಕೆ ಮುಖ್ಯ ಅಂತ ಆಮೇಲೆ ಹೇಳುತ್ತೇನೆ.

ಇದು ಇಎಲ್‌ಎಂ327 ಅನ್ನುವ ಬ್ಲೂಟೂತ್ ಡಾಂಗಲ್‌ನ ರಿವ್ಯೂ. ಕಾರಿನ ಕಂಪ್ಯೂಟರ್ ಹೇಳುವುದನ್ನು ಫೋನಿನಲ್ಲಿ ತೋರಿಸುವ ಸಣ್ಣ ಡಬ್ಬಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದಪ್ಪ, ನೀಲಿ ಪ್ಲಾಸ್ಟಿಕ್. ಆನ್‌ಲೈನ್‌ನಲ್ಲಿ 750 ರೂಪಾಯಿ ಕೊಟ್ಟೆ. ಅದನ್ನು ಯಾಕೆ ತಗೊಂಡೆ ಅಂತ ಹೇಳದೆ ರಿವ್ಯೂ ಬರೆದರೆ ನಿಮಗೂ ಉಪಯೋಗವಿಲ್ಲ.

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಬೆಂಗಳೂರಿನಿಂದ ವಾಪಸ್ ಬರುತ್ತಿದ್ದೆ. ಡಾಬಸ್‌ಪೇಟೆ ದಾಟಿದ್ದೆ, ಶಿವಗಂಗೆ ಬೆಟ್ಟ ಹಿಂದೆ ಹೋಗಿತ್ತು. ಕ್ಯಾತ್ಸಂದ್ರ ಟೋಲ್ ಇನ್ನೇನು ಬಂತು ಅನ್ನುವಾಗ ಇಂಜಿನ್ ಆರಿಹೋಯಿತು. ಜರ್ಕ್ ಇಲ್ಲ, ಮಿಸ್ಸಿಂಗ್ ಇಲ್ಲ. ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ. ಸ್ಟೇರಿಂಗ್ ಕಲ್ಲಿನ ಹಾಗಾಯಿತು. ಬ್ರೇಕ್ ಎರಡು ಸಲ ಮೆತ್ತಗೆ ಒತ್ತಿತು, ಮೂರನೇ ಸಲಕ್ಕೆ ಪೆಡಲ್ ಗಟ್ಟಿ. ಇಂಜಿನ್ ನಿಂತರೆ ಬ್ರೇಕ್ ಬೂಸ್ಟರ್‌ಗೆ ಸಿಗುವ ವ್ಯಾಕ್ಯೂಮ್ ನಿಲ್ಲುತ್ತದೆ, ಉಳಿದಿರುವುದು ಎರಡು ಮೂರು ಸಲಕ್ಕೆ ಮಾತ್ರ. ಇದು ಗೊತ್ತಿಲ್ಲದೆ ಸುಮ್ನೆ ಪಂಪ್ ಮಾಡಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಾನು ಹೇಗೋ ಎಡಕ್ಕೆ ಎಳೆದು ನಿಲ್ಲಿಸಿದೆ. ಹಿಂದಿನ ಲಾರಿಯವನು ಬೈದಿದ್ದು ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಸೆಲ್ಫ್ ಹೊಡೆದರೆ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಹೊಂಗೆ ಮರದ ಕೆಳಗೆ ಕೂತು ಮತ್ತೆ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್!

ಆಮೇಲೆ ಆರು ತಿಂಗಳು ಇದೇ ಕಥೆ. ಬಿಸಿಯಾದರೆ ನಿಲ್ಲುತ್ತದೆ, ತಣ್ಣಗಾದರೆ ಓಡುತ್ತದೆ. ಗ್ಯಾರೇಜಿಗೆ ತಗೊಂಡು ಹೋಗುವಷ್ಟರಲ್ಲಿ ಒಳ್ಳೆ ಮಗುವಿನ ಹಾಗೆ ಇರುತ್ತದೆ. ಹಲ್ಲುನೋವು ಡಾಕ್ಟರ್ ಬಾಗಿಲಲ್ಲಿ ಮಾಯ ಆಗುತ್ತದಲ್ಲ, ಹಾಗೆ. ಒಂದು ಗ್ಯಾರೇಜ್‌ನಲ್ಲಿ, ಹೆಸರು ಬೇಡ, ಮೊದಲು ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ಆಮೇಲೆ ಪೆಟ್ರೋಲ್ ಫಿಲ್ಟರ್. ಆಮೇಲೆ ಥ್ರಾಟಲ್ ಬಾಡಿ ಕ್ಲೀನಿಂಗ್. ಕೊನೆಗೆ ಅವರ ಸ್ಕ್ಯಾನರ್‌ನಲ್ಲಿ ಆಕ್ಸಿಜನ್ ಸೆನ್ಸರ್ ಕೋಡ್ (ಕಾರಿನ ಕಂಪ್ಯೂಟರ್ ಬರೆದಿಡುವ ದೋಷದ ನಂಬರ್) ಬಂತು ಅಂತ ಅದನ್ನೂ ಬದಲಾಯಿಸಿದರು. ಒಟ್ಟು 11,400 ರೂಪಾಯಿ. ಮೂರನೇ ದಿನ ಗುಬ್ಬಿ ರೈಲ್ವೆ ಗೇಟ್ ಹತ್ತಿರ ಕಾರು ಮತ್ತೆ ನಿಂತಿತು.

ಆಕ್ಸಿಜನ್ ಸೆನ್ಸರ್ ಕೆಟ್ಟರೆ ಮೈಲೇಜ್ ಬೀಳಬಹುದು, ಹೊಗೆ ಜಾಸ್ತಿ ಆಗಬಹುದು. ಓಡುತ್ತಿರುವ ಇಂಜಿನ್ ಸ್ವಿಚ್ ಒತ್ತಿದ ಹಾಗೆ ಆರುವುದಕ್ಕೆ ಸಾಮಾನ್ಯವಾಗಿ ಅದು ಕಾರಣ ಅಲ್ಲ. ಇದು ಈಗ ಗೊತ್ತು. ಆಗ ಗೊತ್ತಿದ್ದರೆ ಆ ಸೆನ್ಸರ್ ದುಡ್ಡು ಉಳಿಯುತ್ತಿತ್ತು.

ಆವಾಗ ಮಗ ಈ ಡಾಂಗಲ್ ವಿಷಯ ಹೇಳಿದ. ಸ್ಟೇರಿಂಗ್ ಕೆಳಗೆ, ಮೊಣಕಾಲು ತಾಗುವ ಜಾಗದಲ್ಲಿ, 16 ತೂತಿನ ಒಂದು ಸಾಕೆಟ್ ಇರುತ್ತದೆ. ಅದೇ ಓಬಿಡಿ ಪೋರ್ಟ್, ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಜಾಗ. ಭಾರತದಲ್ಲಿ ಇದು ಕಡ್ಡಾಯ ಆಗಿದ್ದು ಬಿಎಸ್4 ಅನ್ನುವ ಹೊಗೆ ನಿಯಮದ ಜೊತೆ. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಮಾತ್ರ ಬಿಎಸ್4 ಬಂತು, ತುಮಕೂರಿಗೆ ಆಗ ಇರಲಿಲ್ಲ. ಅದಕ್ಕೇ ನನ್ನ ಬೆಂಗಳೂರು ನಂಬರ್ ಕಾರಿಗೆ ಅದೃಷ್ಟ ಇತ್ತು. ನಿಮ್ಮದು ಅದಕ್ಕಿಂತ ಹಳೆಯದಾದರೆ ಸಾಕೆಟ್ ಇದ್ದರೂ ಡಾಂಗಲ್ ಮಾತಾಡದೆ ಇರಬಹುದು. ಗೆಳೆಯರ ಯಾರದ್ದಾದರೂ ತಂದು ಚುಚ್ಚಿ ನೋಡಿ, ಆಮೇಲೆ ತಗೊಳ್ಳಿ.

ಇನ್ನೊಂದು ವಿಷಯ. ಇಎಲ್‌ಎಂ327 ಅನ್ನುವುದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡಿದ ಚಿಪ್. ನಮಗೆ ಸಿಗುವುದು ಬಹುಪಾಲು ಅದರ ನಕಲು. ನನ್ನದು 'ವರ್ಷನ್ 1.5' ಅಂತ ತೋರಿಸುತ್ತದೆ. ತಮಾಷೆ ಏನಂದರೆ ಎಲ್ಮ್‌ನವರು 1.5 ಅನ್ನುವ ವರ್ಷನ್ನೇ ಬಿಟ್ಟಿರಲಿಲ್ಲ! ನಕಲಾದರೂ ನನ್ನ ಕೆಲಸಕ್ಕೆ ಸಾಕಾಯಿತು.

ಜೋಡಿಸುವುದು ಸುಲಭ. ಪೋರ್ಟ್‌ಗೆ ಒತ್ತಿ, ಕೀ ಆನ್ ಮಾಡಿ, ಫೋನ್ ಬ್ಲೂಟೂತ್‌ನಲ್ಲಿ ಹುಡುಕಿ 1234 ಹಾಕಿದೆ. ಟಾರ್ಕ್ ಲೈಟ್ ಅನ್ನುವ ಆ್ಯಪ್ ಹಾಕಿಕೊಂಡೆ, ದುಡ್ಡು ಕೊಡಬೇಕಿಲ್ಲ. ನನ್ನದು ಆಂಡ್ರಾಯ್ಡ್. ಐಫೋನ್ ಇರುವವರು ಈ ಹಳೇ ಬ್ಲೂಟೂತ್ ಡಾಂಗಲ್ ತಗೊಳ್ಳಬೇಡಿ, ಜೋಡಣೆ ಆಗಲ್ಲ. ವೈಫೈ ಇರುವುದು ಬೇಕು, ಇಲ್ಲವೇ ಐಫೋನ್‌ಗೆ ಆಗುತ್ತದೆ ಅಂತ ಬರೆದಿರುವುದು.

ಮೊದಲ ದಿನ ಕೋಡ್ ಏನಾದರೂ ಇದೆಯಾ ಅಂತ ನೋಡಿದೆ. ಒಂದೂ ಇಲ್ಲ. ಎಲ್ಲ ಸರಿ ಇದೆ ಅನ್ನುತ್ತಿದೆ ಕಾರು, ಆರು ತಿಂಗಳಿಂದ ರಸ್ತೆ ಮಧ್ಯೆ ನಿಲ್ಲುತ್ತಿರುವ ಕಾರು! 750 ರೂಪಾಯಿ ನೀರಿಗೆ ಹಾಕಿದೆ ಅನ್ನಿಸಿತು. ಡಾಂಗಲ್ ಕೆಲಸ ಕೋಡ್ ಓದುವುದು ಅಷ್ಟೇ ಅಂದುಕೊಂಡವರಿಗೆಲ್ಲ ಹೀಗೇ ಅನ್ನಿಸುತ್ತದೆ. ಅದರ ನಿಜವಾದ ಬೆಲೆ ಓಡುವಾಗ ತೋರಿಸುವ ನಂಬರ್‌ಗಳಲ್ಲಿದೆ.

ಉದಾಹರಣೆಗೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕೀ ಮಾತ್ರ ಆನ್ ಮಾಡಿ. ನನ್ನದರಲ್ಲಿ ಕೂಲಂಟ್ (ಇಂಜಿನ್ ತಣ್ಣಗಿಡುವ ನೀರು) 24 ಡಿಗ್ರಿ, ಇಂಜಿನ್ ಒಳಗೆ ಹೋಗುವ ಗಾಳಿ 25 ಡಿಗ್ರಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಇವೆರಡೂ ಹತ್ತಿರ ಹತ್ತಿರ ಇರಬೇಕು. ಯಾವುದಾದರೂ ಮೈನಸ್ 40 ಅಂದರೆ ಆ ಸೆನ್ಸರ್ ವೈರ್ ಕಿತ್ತಿದೆ ಅಂತ ಅನುಮಾನಿಸಿ. ತುಮಕೂರಿನಲ್ಲಿ ಯಾವ ಏಪ್ರಿಲ್‌ನಲ್ಲೂ ಮೈನಸ್ 40 ಆಗಲ್ಲ. ಹಾಗೇ ಮ್ಯಾಪ್ ಸೆನ್ಸರ್, ಇಂಜಿನ್‌ಗೆ ಗಾಳಿ ಹೋಗುವ ಕೊಳವೆಯೊಳಗಿನ ಒತ್ತಡ ಅಳೆಯುವುದು. ಇಂಜಿನ್ ಆಫ್ ಇರುವಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ನಮ್ಮೂರಲ್ಲಿ 92 ಕಿಲೋಪಾಸ್ಕಲ್ ತೋರಿಸಿತು. ಇದು ಸರಿಯಾ ತಪ್ಪಾ ಅಂತ ಗೊತ್ತಾಗಲಿಲ್ಲ. ಮಂಗಳೂರಿಗೆ ಮದುವೆಗೆ ಹೋದಾಗ ನೋಡಿದರೆ ಅದೇ ಸೆನ್ಸರ್ 101 ಅಂದಿತು. ಸಮುದ್ರದ ಪಕ್ಕ ಹೆಚ್ಚು, ನಮ್ಮ ಎತ್ತರದಲ್ಲಿ ಕಡಿಮೆ. ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಅಂತ ಖಾತ್ರಿ ಆಯಿತು. ಮಂಟಪದ ಮುಂದೆ ಕಾರಲ್ಲಿ ಕೂತು ಫೋನ್ ನೋಡಿ ನಗುತ್ತಿದ್ದವಳನ್ನು ನೋಡಿ ನಾದಿನಿ ಏನಂದುಕೊಂಡಳೋ.

ಮುಖ್ಯ ಕಥೆ ಆರ್‌ಪಿಎಂದು, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು. ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ, ಇಂಜಿನ್ ಹಿಡಿಯುವ ಮುಂಚಿನ ಆ ಒಂದೆರಡು ಸೆಕೆಂಡ್, ಫೋನಲ್ಲಿ 250ರ ಆಸುಪಾಸು ಬರುತ್ತಿತ್ತು. ಅದನ್ನು ಡೈರಿಯಲ್ಲಿ ಬರೆದಿಟ್ಟೆ. ಆಮೇಲೆ ಕೊರಟಗೆರೆ ರಸ್ತೆಯಲ್ಲಿ ಕಾರು ಮತ್ತೆ ನಿಂತಿತು. ಈ ಸಲ ಬೇಜಾರಾಗಲಿಲ್ಲ, ಖುಷಿಯೇ ಆಯಿತು. ಆರುವ ಹೊತ್ತಿಗೆ ಕಾರು ನಾಲ್ಕನೇ ಗೇರ್‌ನಲ್ಲಿ ಉರುಳುತ್ತಿತ್ತು, ಚಕ್ರ ಇಂಜಿನ್ನನ್ನು ತಿರುಗಿಸುತ್ತಲೇ ಇತ್ತು. ಆದರೂ ಮೀಟರ್ ಮುಳ್ಳು ಧೊಪ್ ಅಂತ ಸೊನ್ನೆಗೆ ಬಿತ್ತು. ಪೆಟ್ರೋಲ್ ಸಾಲದೆ ನಿಂತಿದ್ದರೆ ಮುಳ್ಳು ಕಾರಿನ ವೇಗದ ಜೊತೆ ನಿಧಾನ ಇಳಿಯಬೇಕಿತ್ತು, ಅಲ್ವಾ?

ಪಕ್ಕಕ್ಕೆ ನಿಲ್ಲಿಸಿ ಸೆಲ್ಫ್ ಹೊಡೆದೆ. ಇಂಜಿನ್ ಗರಗರ ತಿರುಗುತ್ತಿದೆ. ಫೋನಲ್ಲಿ ಬ್ಯಾಟರಿ ವೋಲ್ಟೇಜ್ 12.4ರಿಂದ 9.9ಕ್ಕೆ ಇಳಿದು ಏರುತ್ತಿದೆ, ಅಂದರೆ ಬ್ಲೂಟೂತ್ ಕಡಿದಿಲ್ಲ. ಆರ್‌ಪಿಎಂ ಮಾತ್ರ 0. ಐದಾರು ಸಲ ಹೊಡೆದೆ, ಐದಾರು ಸಲವೂ 0. ಆಮೇಲೆ ಕೋಡ್ ನೋಡಿದರೆ ಅಷ್ಟು ದಿನ ಬಾರದಿದ್ದ ಪಿ0335 ಕೂತಿತ್ತು. ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್.

ಇಂಜಿನ್‌ನಲ್ಲಿ ಪಿಸ್ಟನ್‌ಗಳು ತಿರುಗಿಸುವ ದಂಡವೇ ಕ್ರ್ಯಾಂಕ್, ಅದರ ಜೊತೆ ತಿರುಗುವ ಹಲ್ಲಿನ ಚಕ್ರ ಒಂದಿದೆ. ಅದರ ಒಂದು ಕಡೆ ಹಲ್ಲು ಬಿಟ್ಟಿರುತ್ತಾರೆ, ನಮ್ಮ ಮೊಮ್ಮಗಳ ಬಾಯಿಯ ಹಾಗೆ. ಪಕ್ಕದಲ್ಲಿ ಮ್ಯಾಗ್ನೆಟ್ ಮತ್ತು ಕಾಯಿಲ್ ಇರುವ ಸೆನ್ಸರ್. ಒಂದೊಂದು ಹಲ್ಲು ದಾಟಿದಾಗಲೂ ಸಣ್ಣ ಕರೆಂಟ್ ಹುಟ್ಟುತ್ತದೆ. ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ, ಪಿಸ್ಟನ್ ಎಲ್ಲಿದೆ ಅನ್ನುವುದು ಕಂಪ್ಯೂಟರ್‌ಗೆ ಗೊತ್ತಾಗುವುದು ಇದರಿಂದ. ಹಲ್ಲಿಲ್ಲದ ಜಾಗ ಬಂದಾಗ ಒಂದು ಸುತ್ತು ಮುಗಿದ ಲೆಕ್ಕ. ಈ ಸಿಗ್ನಲ್ ನಿಂತರೆ ಕಂಪ್ಯೂಟರ್ ಪಾಲಿಗೆ ಇಂಜಿನ್ ತಿರುಗುತ್ತಲೇ ಇಲ್ಲ. ಸ್ಪಾರ್ಕ್ ಬಂದ್, ಪೆಟ್ರೋಲ್ ಬಂದ್. ಹಳೇ ಕಾಯಿಲ್ ಬಿಸಿಗೆ ಹಿಗ್ಗಿ ಒಳಗೆ ಎಲ್ಲೋ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಹೊಂಗೆ ಮರದ ಅರ್ಧ ಗಂಟೆಯ ಗುಟ್ಟು ಇದು.

ಆದರೆ ಪಿ0335 ಅಂದರೆ 'ಸೆನ್ಸರ್ ಬದಲಾಯಿಸಿ' ಅಂತ ಅರ್ಥ ಅಲ್ಲ. ವೈರ್ ಆಗಿರಬಹುದು, ವೈರ್ ಜೋಡಿಸುವ ಕಪ್ಲರ್ ಆಗಿರಬಹುದು. ಆಕ್ಸಿಜನ್ ಸೆನ್ಸರ್‌ನಲ್ಲಿ ಒಂದು ಸಲ ಪಾಠ ಆಗಿತ್ತು. ಅದಕ್ಕೆ ಬಿ.ಎಚ್. ರಸ್ತೆ ಹಿಂದಿನ ಸಂದಿಯಲ್ಲಿರುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅರವತ್ತು ದಾಟಿದವರು, ಅಂಗಡಿಗೆ ಬೋರ್ಡೂ ಇಲ್ಲ. ಫೋನಲ್ಲಿ ತೆಗೆದ ಸ್ಕ್ರೀನ್‌ಶಾಟ್ ತೋರಿಸಿದೆ.

"ಇದೆಲ್ಲ ಬೇಡ ಮೇಡಂ. ಬಿಸಿ ಮಾಡಿ ತನ್ನಿ" ಅಂದರು.

"ಅಣ್ಣಾ, ಇಲ್ಲೇ ನಿಂತರೆ?"

"ನಿಲ್ಲಲಿ ಅಂತಲೇ ಹೇಳ್ತಿರೋದು."

ರಿಂಗ್ ರಸ್ತೆಯಲ್ಲಿ ಎಸಿ ಹಾಕಿಕೊಂಡು ಮುಕ್ಕಾಲು ಗಂಟೆ ಸುತ್ತಿ ಅವರ ಅಂಗಡಿ ಮುಂದೆಯೇ ಬಂದು ನಿಂತಿತು ಪುಣ್ಯಕ್ಕೆ. ಕಪ್ಲರ್ ಬಿಚ್ಚಿ ಸೆನ್ಸರ್‌ನ ಎರಡು ಪಿನ್‌ಗೆ ಮೀಟರ್ ಹಿಡಿದರು. ಓಪನ್, ಏನೂ ಬರುತ್ತಿಲ್ಲ. ಬಾಟಲಿ ಮುಚ್ಚಳದಲ್ಲಿ ತೂತು ಮಾಡಿ ಸೆನ್ಸರ್ ಮೇಲೆ ಮಾತ್ರ ತಣ್ಣೀರು ಬಿಟ್ಟರು. ಎರಡು ನಿಮಿಷಕ್ಕೆ ಮೀಟರ್‌ನಲ್ಲಿ 870 ಓಮ್ ಬಂತು. ಕಪ್ಲರ್ ಹಾಕಿ "ಹೊಡೀರಿ" ಅಂದರು. ಸ್ಟಾರ್ಟ್. ಆಮೇಲೂ ಬಿಡಲಿಲ್ಲ, ಇಂಜಿನ್ ಓಡುವಾಗ ವೈರ್ ಉದ್ದಕ್ಕೂ ಅಲ್ಲಾಡಿಸಿ ನೋಡಿದರು. ಇಂಜಿನ್ ನಿಲ್ಲಲಿಲ್ಲ, ಅಂದರೆ ತಪ್ಪು ವೈರ್‌ನದಲ್ಲ. ನನ್ನದು ಎರಡು ವೈರ್ ಸೆನ್ಸರ್, ಅದಕ್ಕೇ ಓಮ್ ನೋಡಬಹುದಿತ್ತು. ಮೂರು ವೈರ್ ಇರುವ 'ಹಾಲ್' ಅನ್ನುವ ಬೇರೆ ಜಾತಿಯ ಸೆನ್ಸರ್ ಆದರೆ ಈ ಲೆಕ್ಕ ನಡೆಯಲ್ಲ ಅಂದರು.

ಅಂಗಡಿಯಲ್ಲಿ ಲೋಕಲ್ ಸೆನ್ಸರ್ 450, ಒರಿಜಿನಲ್ 1,850. ಒರಿಜಿನಲ್ ಹಾಕಿಸಿದೆ. ಕೂಲಿ 300 ತಗೊಂಡರು, 500 ಕೊಟ್ಟರೆ 200 ವಾಪಸ್ ಕೊಟ್ಟರು. ನವೆಂಬರ್‌ನಿಂದ ಇಲ್ಲಿವರೆಗೆ, ಇನ್ನೊಂದು ಏಪ್ರಿಲ್ ಸೇರಿ, ಒಂದು ಸಲವೂ ನಿಂತಿಲ್ಲ.

ಡಾಂಗಲ್‌ಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಯಾಕೆ ಕಡಿಮೆ ಅಂದರೆ, ಹಳೇ ಕಾರುಗಳ ಜೊತೆ ಅದರ ಮಾತು ಬಹಳ ನಿಧಾನ. ಸ್ಕ್ರೀನ್ ಮೇಲೆ ಎಂಟು ಮೀಟರ್ ಇಟ್ಟರೆ ಒಂದೊಂದೂ ಎರಡು ಮೂರು ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಸೆಲ್ಫ್ ಹೊಡೆಯುವ ಹೊತ್ತಿನ ಆರ್‌ಪಿಎಂ ತಪ್ಪೇ ಹೋಗುತ್ತದೆ. ಎರಡೇ ಇಡಿ. ಮತ್ತೆ ಪೋರ್ಟ್‌ನ 16ನೇ ಪಿನ್‌ಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟ್ ಬರುತ್ತಿರುತ್ತದೆ, ಕೀ ತೆಗೆದರೂ ಡಾಂಗಲ್ ದೀಪ ಉರಿಯುತ್ತಲೇ ಇರುತ್ತದೆ. ಒಂದು ವಾರ ಊರಿಗೆ ಹೋಗುವಾಗ ಮರೆತುಬಿಟ್ಟಿದ್ದೆ. ಬಂದಾಗ ಬ್ಯಾಟರಿ ಡೌನ್, ಪಕ್ಕದ ಮನೆ ಹುಡುಗರಿಂದ ತಳ್ಳಿಸಬೇಕಾಯಿತು. ಎಬಿಎಸ್, ಏರ್‌ಬ್ಯಾಗ್ ದೀಪ ಹತ್ತಿದರೆ ನನ್ನದರಲ್ಲಿ ಏನೂ ಕಾಣುವುದಿಲ್ಲ, ಇಂಜಿನ್ ಲೆಕ್ಕ ಮಾತ್ರ. ಕೋಡ್ ಅಳಿಸುವ ಬಟನ್ ಒಂದಿದೆ. ಗ್ಯಾರೇಜಿಗೆ ಹೋಗುವ ಮುಂಚೆ ಅದನ್ನು ಮುಟ್ಟಬೇಡಿ, ಇದ್ದ ಸುಳಿವೂ ಹೋಗುತ್ತದೆ.

ಈಗ ಹೊಸದೊಂದು ನಂಬರ್ ನನ್ನ ನಿದ್ದೆ ಕೆಡಿಸಿದೆ. ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವುದು, ಐಡ್ಲಿಂಗ್‌ನಲ್ಲಿ ಪ್ಲಸ್ 11 ತೋರಿಸುತ್ತಿದೆ, ವೇಗ ಹಿಡಿದರೆ 3ಕ್ಕೆ ಇಳಿಯುತ್ತದೆ. ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿರಬೇಕು ಅಂತ ಆ ಎಲೆಕ್ಟ್ರಿಷಿಯನ್ ಅಣ್ಣ ಹೇಳಿದ್ದಾರೆ. ಭಾನುವಾರ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗಲೇ ತನ್ನಿ ಅಂದಿದ್ದಾರೆ.