ಧರ್ಮಸಭೆಯ ಹೊರಗಿನವರ ರಕ್ಷಣೆ: ಕಥೋಲಿಕ ಧರ್ಮೋಪದೇಶ ಗ್ರಂಥ ಎಷ್ಟು ಒದಗುತ್ತದೆ?

“ಹಾಗಾದರೆ ನಿಮ್ಮವರ ಲೆಕ್ಕದಲ್ಲಿ ನಾವೆಲ್ಲ ನರಕಕ್ಕೇ ಹೋಗುವವರೇನಪ್ಪಾ?” ಎಂದು ಪಕ್ಕದ ಮನೆಯ ಹಿರಿಯರೊಬ್ಬರು ನಗುನಗುತ್ತಲೇ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ತೋಚದೆ, ಕಪಾಟಿನಲ್ಲಿದ್ದ ಕಥೋಲಿಕ ಧರ್ಮೋಪದೇಶ ಗ್ರಂಥದ (ಕಥೋಲಿಕ ಧರ್ಮಸಭೆಯ, ಅಂದರೆ ಚರ್ಚಿನ, ಬೋಧನೆಗಳ ಅಧಿಕೃತ ಸಂಗ್ರಹದ) ಇಂಗ್ಲಿಷ್ ಆವೃತ್ತಿಯನ್ನು ಕೆಳಗಿಳಿಸಿದೆ. ಪೋಪ್ ಎರಡನೆಯ ಜಾನ್ ಪಾಲ್ 1992ರಲ್ಲಿ ಹೊರತಂದ ಈ ಗ್ರಂಥದಲ್ಲಿ 2865 ಕಂಡಿಕೆಗಳಿವೆ. ಧರ್ಮಸಭೆಯ ಹೊರಗಿನವರಿಗೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆಯೂ ನಿತ್ಯಜೀವವೂ, ಉಂಟೇ ಎಂಬ ಈ ಒಂದು ಪ್ರಶ್ನೆಯ ಮಟ್ಟಿಗೆ ಅದು ಎಷ್ಟು ಉಪಯುಕ್ತವೆಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ನೇರ ಉತ್ತರವಿರುವುದು 846ರಿಂದ 848ರವರೆಗಿನ ಮೂರೇ ಕಂಡಿಕೆಗಳಲ್ಲಿ. ಮೂರನೆಯ ಶತಮಾನದ ಬಿಷಪ್ ಸಂತ ಸಿಪ್ರಿಯನ್ ಕಾಲದಿಂದ ಬಂದ “ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲ” ಎಂಬ ಮಾತನ್ನು ಗ್ರಂಥ ಕೈಬಿಡುವುದಿಲ್ಲ. ರಕ್ಷಣೆಯೆಲ್ಲವೂ ಕ್ರಿಸ್ತನಿಂದ, ಆತನ ಶರೀರವಾದ ಧರ್ಮಸಭೆಯ ಮೂಲಕವೇ ಬರುತ್ತದೆಂದು ಅದನ್ನು ಅರ್ಥೈಸುತ್ತದೆ. ಧರ್ಮಸಭೆ ಅಗತ್ಯವೆಂದು ಅರಿತೂ ಅದನ್ನು ಸೇರಲು ಒಪ್ಪದವನು ರಕ್ಷಣೆ ಪಡೆಯಲಾರ. ಆದರೆ ತನ್ನ ತಪ್ಪೇನೂ ಇಲ್ಲದೆ ಕ್ರಿಸ್ತನ ಶುಭಸಂದೇಶವನ್ನು ಅರಿಯದೆ ಉಳಿದವನು, ಪ್ರಾಮಾಣಿಕವಾಗಿ ದೇವರನ್ನು ಅರಸುತ್ತ, ಮನಸ್ಸಾಕ್ಷಿಯಲ್ಲಿ ಕಂಡುಕೊಂಡ ದೈವಸಂಕಲ್ಪದಂತೆ ಕೃಪೆಯ ಪ್ರೇರಣೆಯಿಂದ ನಡೆಯಲು ಯತ್ನಿಸಿದರೆ ನಿತ್ಯರಕ್ಷಣೆಯನ್ನು ಪಡೆಯಬಲ್ಲನೆಂದು, 1964ರಲ್ಲಿ ಬಿಷಪ್ಪರ ಜಾಗತಿಕ ಸಮಾವೇಶವಾದ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿದ್ದನ್ನು ಗ್ರಂಥ ಉದ್ಧರಿಸುತ್ತದೆ. ಇಲ್ಲಿರುವುದು “ಪಡೆಯಬಲ್ಲ” ಎಂಬ ಮಾತೇ ಹೊರತು “ಪಡೆದೇ ಪಡೆಯುತ್ತಾನೆ” ಎಂಬ ಭರವಸೆಯಲ್ಲ. ಉಪದೇಶಿಗಳೇ ಕೆಲವೊಮ್ಮೆ ಈ ವ್ಯತ್ಯಾಸವನ್ನು ಮರೆಯುತ್ತಾರೆ. ಹಳೆಯ ಮಾತನ್ನು ಅತಿ ಬಿಗಿಯಾಗಿ ಹಿಡಿದಿದ್ದ ಬೋಸ್ಟನ್ನಿನ ಫಾದರ್ ಲಿಯೊನಾರ್ಡ್ ಫೀನಿ ಅವರ ವಾದವನ್ನು ರೋಮ್ 1949ರ ಪತ್ರದಲ್ಲಿ ತಳ್ಳಿಹಾಕಿದ ರೋಚಕ ಪ್ರಸಂಗ ಮಾತ್ರ ಅಡಿಟಿಪ್ಪಣಿಯ ಉಲ್ಲೇಖಸಂಖ್ಯೆಗಳಲ್ಲಿ ಹುದುಗಿಹೋಗಿದೆ.

ನನ್ನ ಆಕ್ಷೇಪವಿರುವುದು ಪಶ್ಚಾತ್ತಾಪದ ವಿಷಯದಲ್ಲಿ. ಹೊರಗಿನವನ ಪಾಪ ಕ್ಷಮೆಯಾಗುವುದು ಹೇಗೆಂದು 847 ಹೇಳುವುದೇ ಇಲ್ಲ. ದೇವರು ರಕ್ಷಣೆಯನ್ನು ಜ್ಞಾನಸ್ನಾನಕ್ಕೆ (ಧರ್ಮಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರಕ್ಕೆ) ಕಟ್ಟಿದ್ದರೂ ತಾನು ಇಂಥ ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲವೆಂಬ ಸೊಗಸಾದ ಮಾತಿಗೆ 1257ಕ್ಕೆ ಹೋಗಬೇಕು. ಜ್ಞಾನಸ್ನಾನಕ್ಕೆ ಸಿದ್ಧನಾಗುತ್ತಿದ್ದವನು ಅದಕ್ಕೆ ಮುನ್ನವೇ ತೀರಿಕೊಂಡರೆ ಅವನ ಬಯಕೆ, ಪಶ್ಚಾತ್ತಾಪ ಹಾಗೂ ಪ್ರೀತಿಗಳೇ ಸಾಕೆನ್ನುವುದು 1259. ಅಂಥ ಬಯಕೆಯನ್ನು ಶುಭಸಂದೇಶ ಅರಿಯದವನಲ್ಲೂ ಊಹಿಸಬಹುದೆಂದು 1260 ಹೇಳುತ್ತದೆ, ಆದರೆ ಅಲ್ಲಿ ಪಶ್ಚಾತ್ತಾಪ ಎಂಬ ಪದವೇ ಕಾಣಿಸದು. ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟುವ ಪರಿಪೂರ್ಣ ಮನಸ್ತಾಪದ (ಪಾಪಕ್ಕಾಗಿ ಪಡುವ ದುಃಖದ) ವಿವರಣೆ 1452ರಲ್ಲಿದೆ. ಅದಾದರೋ ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯ ಅಧ್ಯಾಯ, ಜ್ಞಾನಸ್ನಾನ ಪಡೆದವರಿಗಷ್ಟೇ ಸಲ್ಲುವ ಸಂಸ್ಕಾರ. ಈ ಎಳೆಗಳನ್ನು ಹೊಸೆಯುವ ಕೆಲಸ ಓದುಗನ ಪಾಲಿಗೇ ಉಳಿಯುತ್ತದೆ, ನನಗಂತೂ ಎರಡು ಸಂಜೆ ಹಿಡಿಯಿತು.

ಈ ಪ್ರಶ್ನೆಗಾಗಿಯೇ ಗ್ರಂಥವನ್ನು ಕೊಳ್ಳಹೊರಟವರು ಅವಸರಪಡಬೇಕಿಲ್ಲ. ಇಂಗ್ಲಿಷ್ ಪಾಠವೆಲ್ಲ ವ್ಯಾಟಿಕನ್ನಿನ ಜಾಲತಾಣದಲ್ಲಿ ಉಚಿತವಾಗಿದೆ. ಮೇಲಿನ ಕಂಡಿಕೆಗಳನ್ನು ಮೊದಲು ಅಲ್ಲೇ ಓದಿಕೊಳ್ಳಬಹುದು.