ದುಡ್ಡು ಕೊಟ್ಟು ವಿಮರ್ಶೆ ಬರೆಸಬೇಡಿ, ನಾನು ಬರೆಸಿ ಕೆಟ್ಟೆ

ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿದವರು ದಯವಿಟ್ಟು ಓದಿ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನನ್ನದು ಹನ್ನೊಂದು ಕಥೆಗಳ ಸಂಕಲನ. ಗದಗಿನಲ್ಲಿ 300 ಪ್ರತಿ ಅಚ್ಚು ಹಾಕಿಸಿ ಧಾರವಾಡದ ಮನೆಗೆ ತಂದೆ. ಬಿಡುಗಡೆಯ ದಿನ ಪೇಡೆ ತಿಂದು ‘ಓದಿ ಹೇಳುತ್ತೇವೆ’ ಎಂದು ಹೋದವರು ಹೋದರು. ಎರಡು ತಿಂಗಳು ಸುದ್ದಿಯಿಲ್ಲ. ಆಗ ವಿಮರ್ಶೆ ಬರೆಸಿಕೊಡುವವರೊಬ್ಬರಿಂದ ಬಂತು ವಾಟ್ಸ್ಆ್ಯಪ್ ಸಂದೇಶ: ‘ಮೇಡಂ, ನಿಮ್ಮ ಪುಸ್ತಕ ಓದಿ ಕಣ್ಣು ತುಂಬಿ ಬಂತು.’ ಇಪ್ಪತ್ತು ವಿಮರ್ಶೆಗೆ 8,500 ರೂಪಾಯಿ, ಇ-ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಬೇರೆ 1,500. ಕಣ್ಣು ತುಂಬಿ ಬಂತಂತೆ! ಆ ಒಂದು ಮಾತಿಗೆ ಕರಗಿ ಅಂದೇ ಹಣ ಕಳುಹಿಸಿದೆ.

ನಾಲ್ಕನೇ ರಾತ್ರಿ ಆನ್‌ಲೈನ್ ಮಾರಾಟ ತಾಣದಲ್ಲಿ ಒಂದೇ ತಾಸಿನಲ್ಲಿ ಇಪ್ಪತ್ತೂ ಬಂದವು. ಎಲ್ಲಕ್ಕೂ ಐದು ನಕ್ಷತ್ರ. ಓದದೆಯೇ, ಹೌದು, ಓದದೆಯೇ ನಮ್ಮ ಸಾಹಿತ್ಯದ ಗುಂಪಿಗೆ ಹಂಚಿದೆ. ಐದು ನಿಮಿಷದಲ್ಲಿ ನಿವೃತ್ತ ಮಾಸ್ತರರೊಬ್ಬರು ಕೇಳಿದರು: ‘ಅಕ್ಕಾವರೇ, ಕಾದಂಬರಿ ಯಾವಾಗ ಬರೆದಿರಿ?’

ಆಗ ಓದಿದೆ. ‘ಈ ಕಾದಂಬರಿಯ ಪುಟಪುಟದಲ್ಲೂ ಕರಾವಳಿಯ ಕಡಲ ಘಮಲು.’ ನನ್ನ ಕಥೆಗಳು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯವು. ತೊಟ್ಟು ಬಿಡಿಸುವ ಹೆಂಗಸರು, ಉರಿಯುವ ಬೆರಳು, ಮೂಗಿಗೆ ಅಡ್ಡ ಹಿಡಿದ ಸೆರಗು. ಕಡಲೆಲ್ಲಿ ಬಂತು? ಇಪ್ಪತ್ತರಲ್ಲಿ ಏಳು ವಿಮರ್ಶೆಗಳಲ್ಲಿ ಅದೇ ಕಡಲು!

ಕೇಳಿದರೆ ಉತ್ತರ: ‘ಮೇಡಂ, ಅಷ್ಟು ಆಳವಾಗಿ ಯಾರೂ ಓದುವುದಿಲ್ಲ.’ ಮತ್ತೆ ಕೇಳಿದೆ. ‘ವಿಮರ್ಶೆ ಎಂದರೆ ಅಭಿಪ್ರಾಯ. ಅಭಿಪ್ರಾಯದಲ್ಲಿ ತಪ್ಪು ಎಂಬುದಿರುವುದಿಲ್ಲ.’ ಹಣ ವಾಪಸ್ ಕೊಡಿ ಎಂದೆ. ‘ಗೋಲ್ಡ್ ಪ್ಯಾಕೇಜ್ ತೆಗೆದುಕೊಂಡಿದ್ದರೆ ಪುಸ್ತಕ ಓದಿಯೇ ಬರೆಯುತ್ತಿದ್ದರು.’ ಹಾಗಾದರೆ ಕಣ್ಣು ತುಂಬಿ ಬಂದದ್ದು ಯಾವ ಪ್ಯಾಕೇಜಿನಲ್ಲಿ? ಈ ಪ್ರಶ್ನೆಗೆ ಉತ್ತರವಿಲ್ಲ, ನನ್ನ ನಂಬರ್ ಬ್ಲಾಕ್ ಆಯಿತು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂದ ಅಳಿಯ. ಏನೆಂದು ದೂರು ಕೊಡಲಿ? ಸುಳ್ಳು ಹೊಗಳಿಕೆಗೆ ದುಡ್ಡು ಕೊಟ್ಟೆ, ಸುಳ್ಳು ಸರಿಯಾಗಿ ಬರಲಿಲ್ಲ ಎಂದೇ?

ಐಎಸ್‌ಬಿಎನ್‌ಗೆ ಯಾರಿಗೂ ಕಾಸು ಕೊಡಬೇಡಿ. ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ, ನನಗೆ ತಿಳಿದದ್ದು 1,500 ಹೋದ ಮೇಲೆ. ಹಣ ಕೊಟ್ಟು ಬರೆಸಿದ ವಿಮರ್ಶೆ ಪ್ರಕಟಿಸಬಾರದು ಎಂದು ಭಾರತೀಯ ಮಾನಕ ಬ್ಯೂರೋದ 2022ರ ಮಾನದಂಡವೇ ಹೇಳುತ್ತದೆ. ಕಣ್ಣು ತುಂಬಿ ಬಂತು ಎಂದವರಿಗೆ ಮೂರನೇ ಕಥೆಯ ಹೆಸರು ಕೇಳಿ, ಸಾಕು.

ವಾರದೊಳಗೆ ಮಾರಾಟ ತಾಣದವರು ವಿಮರ್ಶೆಗಳನ್ನೆಲ್ಲ ಅಳಿಸಿದರು. ಜೊತೆಗೆ ಹಾವೇರಿಯ ಓದುಗರೊಬ್ಬರು ತಾವಾಗಿಯೇ ಬರೆದದ್ದೂ ಹೋಯಿತು. ಮೂರು ನಕ್ಷತ್ರ ಕೊಟ್ಟು, ‘ಐದನೇ ಕಥೆ ಎಳೆದಂತಾಗಿದೆ, ಆದರೆ ಮೆಣಸಿನಕಾಯಿ ಘಾಟು ಮೂಗಿಗೆ ಬಡಿಯಿತು’ ಎಂದಿದ್ದರು. ಅದು ಎಲ್ಲಿ ಹೋಯಿತು ಎಂದು ಅವರು ನಿನ್ನೆ ಸಂದೇಶ ಕಳುಹಿಸಿದ್ದಾರೆ. ಇನ್ನೂ ಉತ್ತರ ಬರೆದಿಲ್ಲ.